ಪಹಣಿಯ ರೈತ, ಗದ್ದೆಯ ರೈತ

ಉಡುಪಿಯ ಸೀಮೆಯಲ್ಲಿ ಮಳೆಗಾಲದ ಬತ್ತದ ಬೆಳೆಗೆ ಏಣೆಲು ಎಂದು ಹೆಸರು. ಆಷಾಢದ ಜಡಿಮಳೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಡುವವರನ್ನು ಕಂಡು ‘ಇವರು ರೈತರೇ?’ ಎಂದು ಯಾರೂ ಕೇಳುವುದಿಲ್ಲ. ಸರಕಾರದ ಕಡತವಾದರೋ ಆ ಪ್ರಶ್ನೆಯನ್ನು ಕೇಳಲೇಬೇಕು. ಉತ್ತರವನ್ನು ಅದು ಪಹಣಿಯಲ್ಲಿ ಹುಡುಕುತ್ತದೆ.

2019ರ ಫೆಬ್ರವರಿ 24ರಂದು ಚಾಲನೆ ಪಡೆದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಂತೆ ರೈತ ಕುಟುಂಬವೊಂದಕ್ಕೆ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತುಗಳಲ್ಲಿ ಸಲ್ಲುತ್ತದೆ. ಮೊದಲಿಗೆ 2 ಹೆಕ್ಟೇರಿನವರೆಗಿನ ಹಿಡುವಳಿದಾರರಿಗೆ ಮೀಸಲಾಗಿದ್ದ ಈ ನೆರವು ಅದೇ ವರ್ಷ ಎಲ್ಲ ಹಿಡುವಳಿದಾರರಿಗೂ ವಿಸ್ತರಿಸಿತು. ಆದಾಯ ತೆರಿಗೆ ತೆರುವವರು, ವೃತ್ತಿನಿರತ ವೈದ್ಯರು, ವಕೀಲರು, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಿವೃತ್ತಿವೇತನ ಪಡೆಯುವವರು ಇದಕ್ಕೆ ಅರ್ಹರಲ್ಲ. ಕರ್ನಾಟಕ ಸರಕಾರವು 2019ರಲ್ಲಿ ಇದಕ್ಕೆ 4,000 ರೂಪಾಯಿಗಳನ್ನು ಸೇರಿಸಿತ್ತು. 2023ರಲ್ಲಿ ಸರಕಾರ ಬದಲಾದ ತರುವಾಯ ಅದು ನಿಂತಿತು.

ಇಲ್ಲಿಯ ಪಹಣಿಗೆ ಒಂದು ಇತಿಹಾಸವಿದೆ. ಒಂದು ಕಾಲಕ್ಕೆ ಕರಾವಳಿಯ ಗದ್ದೆಗಳಲ್ಲಿ ಬೆವರು ಸುರಿಸಿದವರು ಬಹುಮಟ್ಟಿಗೆ ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಫಲವಾಗಿ ಅವರಲ್ಲಿ ಅನೇಕರು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಸಮ್ಮಾನ್ ನಿಧಿಗೆ ಅರ್ಜಿ ಹಾಕಬಲ್ಲರೆಂದರೆ ಅದಕ್ಕೆ ಕಾರಣ ಆ ಕಾನೂನು. ಆದರೆ ಅದೇ ಕಾನೂನು ಹೊಸ ಗೇಣಿಯನ್ನು ನಿಷೇಧಿಸಿತು. ನಿನ್ನೆಯ ಗೇಣಿದಾರನಿಗೆ ಹೆಸರು ಕೊಟ್ಟ ಕಾಗದದಲ್ಲಿ ಇಂದಿನ ಗೇಣಿದಾರನಿಗೆ ಎಡೆಯಿಲ್ಲ.

ಕಾರ್ಕಳದ ಕಡೆ ಇದರ ಪರಿಣಾಮವನ್ನು ಕಾಣಬಹುದು. ಮಕ್ಕಳು ಮುಂಬಯಿಗೋ ಕೊಲ್ಲಿಗೋ ಹೋದ ಮನೆಯ ಗದ್ದೆ ಹಡಿಲು ಬೀಳುತ್ತದೆ. ಇಲ್ಲವೇ ನೆರೆಯವನೊಬ್ಬನು ಬಾಯಿಮಾತಿನ ಮೇಲೆ ಬೇಸಾಯ ಮಾಡುತ್ತಾನೆ. ಬರೆದುಕೊಟ್ಟರೆ ಭೂಮಿ ಕೈಬಿಟ್ಟೀತೆಂಬ ಅಂಜಿಕೆ ಒಡೆಯನಿಗೆ. ಒಡೆಯನು ತೆರಿಗೆದಾರನಾದರೆ ಅವನು ಅನರ್ಹ. ಉಳುವವನ ಹೆಸರಿನಲ್ಲಿ ಪಹಣಿಯಿಲ್ಲವಾಗಿ ಅವನೂ ಅನರ್ಹ. ಹೀಗೆ ಅಕ್ಕಿ ಬೆಳೆಯುವ ಗದ್ದೆಗೆ ಪಟ್ಟಿಯಲ್ಲಿ ರೈತನೇ ಇಲ್ಲವೆಂದಾಗುತ್ತದೆ.

ಕಾಪು ತಾಲೂಕಿನ ಶಂಕರಪುರದಲ್ಲಿ ಇನ್ನೊಂದು ಬಗೆ. ಅಲ್ಲಿ ಮನೆಯಂಗಳದ ಕೆಲವೇ ಸೆಂಟ್ಸು ನೆಲದಲ್ಲಿ ಮಲ್ಲಿಗೆ ಬೆಳೆದು, ಮುಂಜಾವಿನಲ್ಲಿ ಮೊಗ್ಗು ಕೊಯ್ದು ಕಟ್ಟಿ ಮನೆ ನಡೆಸುವವರು ಬಹುಪಾಲು ಹೆಂಗಸರು. ಪಹಣಿ ಗಂಡನ ಹೆಸರಿನಲ್ಲಿದ್ದರೆ ಹಣವೂ ಅವನ ಖಾತೆಗೆ. ಅಳಿಯಸಂತಾನದ ಮನೆಗಳಲ್ಲಿ ಒಂದೇ ಪಹಣಿಗೆ ಹಲವು ಹೆಸರುಗಳು; ಅವುಗಳ ನಡುವೆ ಎಂದೋ ತೀರಿಹೋದ ಅಜ್ಜಿಯ ಹೆಸರೂ ಇರುವುದುಂಟು.

ಹಣ ತಲಪುವ ದಾರಿಯೇನೋ ನೇರವಾಗಿದೆ. 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಬಾಗಿಲಲ್ಲೇ ಚಿಲ್ಲರೆ ಕಾಸನ್ನು ಸಂಗ್ರಹಿಸಿದ ಸಿಂಡಿಕೇಟ್ ಬ್ಯಾಂಕು ಮಣಿಪಾಲದಿಂದ ನಾಡಿಗೆಲ್ಲ ಹಬ್ಬಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಮಣ್ಣಿನವರಿಗೆ ಬ್ಯಾಂಕು ಹೊಸತಲ್ಲ. ಆಧಾರ್ ಜೋಡಿಸಿದ ಖಾತೆಗೆ ಕಂತು ಬೀಳುವಾಗ ದಲ್ಲಾಳಿಗೆ ಅವಕಾಶವಿಲ್ಲವೆಂಬುದು ದೊಡ್ಡ ಗುಣವೇ. ಆದರೆ ಎಷ್ಟೇ ನೇರವಾದ ದಾರಿಯೂ ಕಾಗದದಲ್ಲಿ ಹೆಸರಿಲ್ಲದವನ ಮನೆಗೆ ಹೋಗದು.

ಪಟ್ಟಣದಲ್ಲಿ ನೆಲೆಸಿರುವ ಅನೇಕ ಸಂಸಾರಗಳಿಗೆ ಊರಿನಲ್ಲಿ ಇಂದಿಗೂ ತುಂಡು ಗದ್ದೆಯಿದೆ. ಹಿರಿಯರ ಕಾಲಾನಂತರದ ಪೌತಿಖಾತೆಯನ್ನು ಮಾಡಿಸಿ, ಊರಿನಲ್ಲಿದ್ದು ದುಡಿಯುವ ಅಕ್ಕನದೋ ತಮ್ಮನದೋ ಪಾಲನ್ನು ಅವರ ಹೆಸರಿಗೆ ಬಿಡಿಸಿಕೊಡುವುದು ಆ ಸಂಸಾರಗಳ ಕೈಯಲ್ಲೇ ಇದೆ. ಬಾಯಿಮಾತಿನ ಮೇಲೆ ಉಳುವ ನೆರೆಯವನನ್ನು ರೈತನೆಂದು ಬರೆದುಕೊಳ್ಳುವುದು ಮಾತ್ರ ಕಾನೂನಿನ ಕೆಲಸ. ಅದು ಇನ್ನೂ ಬಾಕಿಯಿದೆ.