ಸೋರಲೇಬೇಕಾದ ಸೂರು: ಯಹೂದಿಗಳ ಪರ್ಣಕುಟಿ ಹಬ್ಬ ಸುಕ್ಕೋತ್

ಯೋಮ್ ಕಿಪ್ಪುರ್ ಯಹೂದಿಗಳ ವರ್ಷದಲ್ಲಿ ಅತ್ಯಂತ ಗಂಭೀರವಾದ ದಿನ. ಅನ್ನ ನೀರುಗಳನ್ನು ತೊರೆದು ಸುಮಾರು ಇಪ್ಪತ್ತೈದು ಗಂಟೆಗಳನ್ನು ಪ್ರಾರ್ಥನೆಯಲ್ಲಿ ಕಳೆದವರು ಸಿನಗಾಗಿನಿಂದ ಮನೆಗೆ ಮರಳಿ, ಉಪವಾಸ ಬಿಟ್ಟು, ಮಲಗುವ ಮುನ್ನ ಇನ್ನೊಂದು ಕೆಲಸಕ್ಕೆ ಕೈಹಾಕುವುದು ವಾಡಿಕೆ. ಅಂಗಳದಲ್ಲೋ ತಾರಸಿಯ ಮೇಲೋ ಒಂದು ಗುಡಿಸಲಿನ ಮೊದಲ ಕಂಬವನ್ನು ನಿಲ್ಲಿಸುತ್ತಾರೆ. ನಾಲ್ಕು ದಿನ ಕಳೆದು, ತಿಶ್ರಿ ಮಾಸದ ಹದಿನೈದನೆಯ ತಿಥಿ ಆರಂಭವಾಗುವ ಸಂಜೆಯ ಹೊತ್ತಿಗೆ ಅದು ಸಿದ್ಧವಾಗಿರಬೇಕು. ಅಂದಿನಿಂದ ಏಳು ದಿನ ಆ ಗುಡಿಸಲೇ ಮನೆ.

ಹೀಬ್ರೂ ಭಾಷೆಯಲ್ಲಿ ಈ ಗುಡಿಸಲಿಗೆ 'ಸುಕ್ಕಾ' ಎಂದು ಹೆಸರು. ಅದರ ಬಹುವಚನವೇ 'ಸುಕ್ಕೋತ್'. ಯಹೂದಿ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಅನುಸರಿಸಿ, ಅಧಿಕ ಮಾಸದ ಮೂಲಕ ಸೂರ್ಯನೊಡನೆ ಹೊಂದಿಕೊಳ್ಳುವಂಥದು. ಆದಕಾರಣ ಸುಕ್ಕೋತ್ ಹುಣ್ಣಿಮೆಯ ಆಸುಪಾಸಿನಲ್ಲೇ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬರುತ್ತದೆ. 2025ರಲ್ಲಿ ಅದು ಅಕ್ಟೋಬರ್ 6ರ ಸಂಜೆ ಆರಂಭವಾಯಿತು. ಉತ್ತರ ಕರ್ನಾಟಕದ ರೈತರು ಹೊಲಕ್ಕೆ ಚರಗ ಚೆಲ್ಲುವ ಶೀಗಿ ಹುಣ್ಣಿಮೆಯೂ ಆಗಲೇ ಬಂದಿತ್ತು. 2026ರ ಆರಂಭ ಸೆಪ್ಟೆಂಬರ್ 25ರ ಸಂಜೆ.

ಈ ಹಬ್ಬಕ್ಕೆ ಬೈಬಲಿನ ಹಳೆಯ ಒಡಂಬಡಿಕೆ ಎರಡು ಕಾರಣಗಳನ್ನು ನೀಡುತ್ತದೆ. ಕಣದ ಧಾನ್ಯವೂ ದ್ರಾಕ್ಷಿಯ ಗಾಣದ ರಸವೂ ಮನೆ ಸೇರಿದ ಮೇಲೆ ಆಚರಿಸುವ ಸುಗ್ಗಿಯ ಹಬ್ಬ ಎಂಬುದು ಒಂದು. ಈಜಿಪ್ಟಿನ ದಾಸ್ಯದಿಂದ ಹೊರಬಂದ ಜನ ಮರಳುಗಾಡಿನಲ್ಲಿ ಗುಡಿಸಲುಗಳಲ್ಲಿ ವಾಸಿಸಿದ್ದರ ನೆನಪು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವೆರಡೂ ಹೊಂದುವುದಿಲ್ಲ. ಕಣಜ ತುಂಬಿದ ಹೊತ್ತಿನಲ್ಲಿ ಏನೂ ಇಲ್ಲದಿದ್ದ ದಿನಗಳನ್ನು ನೆನೆಯುವುದೇಕೆ? ಈಜಿಪ್ಟಿನಿಂದ ಹೊರಟದ್ದು ವಸಂತದಲ್ಲಾದರೆ ಗುಡಿಸಲು ಕಟ್ಟುವುದು ಶರತ್ಕಾಲದಲ್ಲೇಕೆ? ಹದಿನಾಲ್ಕನೆಯ ಶತಮಾನದ ಧರ್ಮಶಾಸ್ತ್ರಜ್ಞ ಯಾಕೋಬ್ ಬೆನ್ ಆಶೇರ್ ಕೊಟ್ಟ ಉತ್ತರ ಇಂದಿಗೂ ಪ್ರಚಲಿತವಾಗಿದೆ. ಬೇಸಿಗೆಯ ಮುಖದಲ್ಲಿ ಯಾರು ಬೇಕಾದರೂ ತಂಪಿಗಾಗಿ ಚಪ್ಪರದ ಕೆಳಗೆ ಕೂರುತ್ತಾರೆ, ಅದರಲ್ಲಿ ವ್ರತವೆಲ್ಲಿಯದು? ಚಳಿ ಮಳೆಗಳಿಗೆ ಹೆದರಿ ಲೋಕವೆಲ್ಲ ಮನೆಯೊಳಗೆ ಸೇರುವ ಕಾಲದಲ್ಲಿ ಹೊರಗೆ ಬಂದರೆ ಮಾತ್ರ ಅದು ಆಜ್ಞಾಪಾಲನೆ ಎಂದು ಎದ್ದು ಕಾಣುತ್ತದೆ ಎಂಬುದು ಅವನ ವಿವರಣೆಯ ಸಾರ.

ಸೂರಿನ ಶಾಸ್ತ್ರ

ಸುಕ್ಕಾ ಹೇಗಿರಬೇಕೆಂಬುದನ್ನು ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಗ್ರಂಥವೂ, ಅದನ್ನು ವಿಸ್ತರಿಸಿದ ತಾಲ್ಮುದ್ ಗ್ರಂಥವೂ ಸುದೀರ್ಘವಾಗಿ ಚರ್ಚಿಸುತ್ತವೆ. ಗೋಡೆಗಳ ವಿಷಯದಲ್ಲಿ ಅವು ಉದಾರವಾಗಿವೆ. ಕಲ್ಲು, ಹಲಗೆ, ಬಟ್ಟೆ, ಏನಾದರೂ ಆಗಬಹುದು. ಗಾಳಿಗೆ ಅಲುಗಾಡಬಾರದು, ಅಷ್ಟೆ. ಎರಡು ಪೂರ್ಣ ಗೋಡೆಗಳೂ ಮೂರನೆಯದರ ಒಂದಿಷ್ಟು ಭಾಗವೂ ಇದ್ದರೆ ಸಾಕು. ಆನೆಯನ್ನು ಕಟ್ಟಿ ನಿಲ್ಲಿಸಿ ಅದನ್ನೇ ಒಂದು ಗೋಡೆಯಾಗಿ ಬಳಸಬಹುದೇ ಎಂಬ ಪ್ರಶ್ನೆಯನ್ನೂ ತಾಲ್ಮುದ್ ಎತ್ತಿಕೊಂಡು, ಬಳಸಬಹುದೆಂದು ತೀರ್ಮಾನಿಸುತ್ತದೆ. ಆನೆ ಸತ್ತು ಬಿದ್ದರೂ ಗೋಡೆಗೆ ಬೇಕಾದ ಹತ್ತು ಅಂಗೈ ಅಗಲದ ಎತ್ತರ, ಎಂದರೆ ಸುಮಾರು 80 ಸೆಂಟಿಮೀಟರ್, ಅದರ ದೇಹಕ್ಕೆ ಇದ್ದೇ ಇರುತ್ತದೆ ಎಂಬುದು ಪಂಡಿತರ ಲೆಕ್ಕ!

ಬಿಗಿಯೆಲ್ಲ ಸೂರಿನ ವಿಷಯದಲ್ಲಿ. 'ಸಖಾಖ್' ಎಂದು ಕರೆಯಲ್ಪಡುವ ಹೊದಿಕೆ ನೆಲದಿಂದ ಬೆಳೆದದ್ದಾಗಿರಬೇಕು, ನೆಲದಿಂದ ಕತ್ತರಿಸಲ್ಪಟ್ಟದ್ದೂ ಆಗಿರಬೇಕು. ಬಿದಿರು, ಗರಿ, ಸೊಪ್ಪಿನ ಕೊಂಬೆಗಳು ಸಲ್ಲುತ್ತವೆ. ಬೇರುಬಿಟ್ಟು ನಿಂತ ಬಳ್ಳಿಯನ್ನು ಹಾಗೆಯೇ ಮೇಲೆ ಹಬ್ಬಿಸಿದರೆ ಸಲ್ಲದು. ತಗಡು, ಪ್ಲಾಸ್ಟಿಕ್ ಹಾಳೆಗಳಂತೂ ದೂರವೇ ಉಳಿದವು. ಮರದ ಕೆಳಗೆ ಅಥವಾ ಇನ್ನೊಂದು ಮಾಡಿನ ಕೆಳಗೆ ಕಟ್ಟಿದ್ದು ಸುಕ್ಕಾ ಎನಿಸಿಕೊಳ್ಳುವುದಿಲ್ಲ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಸಂದಿಯಿಂದ ನಕ್ಷತ್ರಗಳು ಕಂಡರೆ ಒಳ್ಳೆಯದು. ಮಳೆಯ ಒಂದು ಹನಿಯೂ ಇಳಿಯದಷ್ಟು ದಟ್ಟವಾಗಿ ಹೊದಿಸುವುದನ್ನು ಶಾಸ್ತ್ರಕಾರರು ಒಪ್ಪುವುದಿಲ್ಲ. ಎತ್ತರ ಇಪ್ಪತ್ತು ಮೊಳ, ಎಂದರೆ ಒಂಬತ್ತು ಮೀಟರಿಗಿಂತ ತುಸು ಹೆಚ್ಚು, ಮೀರುವಂತಿಲ್ಲ. ಅದಕ್ಕೂ ಮೇಲೆ ಹೋದರೆ ಕಟ್ಟಡವನ್ನು ಶಾಶ್ವತವಾಗಿ ಭದ್ರಪಡಿಸಲೇಬೇಕಾಗುತ್ತದೆ ಎಂಬುದು ತಾಲ್ಮುದ್ ಕೊಡುವ ಕಾರಣಗಳಲ್ಲಿ ಒಂದು. ಗಟ್ಟಿಯಾದಷ್ಟೂ ಅನರ್ಹವಾಗುವ ಕಟ್ಟಡ ಇದು.

ಬಹುಮಹಡಿಯ ಇಕ್ಕಟ್ಟು

ಹಿತ್ತಲಿರುವ ಮನೆಗಳಲ್ಲಿ ಇದು ಸುಲಭ. ಮಹಾನಗರದ ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನ ಮನೆಯ ಬಾಲ್ಕನಿಯೇ ಕೆಳಗಿನವರಿಗೆ ಆಕಾಶವನ್ನು ಮರೆಮಾಡುತ್ತದೆ. ಜೆರುಸಲೇಮ್, ಬ್ನೇ ಬ್ರಾಕ್ ಮುಂತಾದೆಡೆ ಧಾರ್ಮಿಕ ಕುಟುಂಬಗಳಿಗಾಗಿ ಕಟ್ಟುವ ವಸತಿ ಸಮುಚ್ಚಯಗಳಲ್ಲಿ ಬಾಲ್ಕನಿಗಳನ್ನು ಒಂದರ ಮೇಲೊಂದು ಬಾರದಂತೆ ಸರಿಸಿ ಕಟ್ಟುತ್ತಾರೆ. 'ಸುಕ್ಕಾ ಬಾಲ್ಕನಿ' ಇದೆ ಎಂಬುದು ಅಲ್ಲಿ ಮನೆ ಮಾರಾಟದ ಜಾಹೀರಾತಿನಲ್ಲಿ ಎದ್ದು ಕಾಣುವ ಸಂಗತಿ.

ಎಲ್ಲೆಡೆ ಇಂಥ ಅನುಕೂಲವಿಲ್ಲ. ಕೆನಡಾದ ಮಾಂಟ್ರಿಯಲ್ ನಗರದ ಐಷಾರಾಮಿ ಸಮುಚ್ಚಯವೊಂದರಲ್ಲಿ ಕೆಲವು ಯಹೂದಿ ನಿವಾಸಿಗಳು ತಮ್ಮ ಬಾಲ್ಕನಿಗಳಲ್ಲಿ ಸುಕ್ಕಾ ಕಟ್ಟಿದಾಗ, 1996ರಲ್ಲಿ ನಿವಾಸಿಗಳ ಸಂಘ ಆಕ್ಷೇಪಿಸಿತು. ಬಾಲ್ಕನಿಯಲ್ಲಿ ಏನನ್ನೂ ಕಟ್ಟಬಾರದೆಂಬ ನಿಯಮಾವಳಿಗೆ ಸಹಿ ಹಾಕಿಯೇ ಎಲ್ಲರೂ ಮನೆ ಕೊಂಡವರು; ಬೇಕಿದ್ದರೆ ಉದ್ಯಾನದಲ್ಲಿ ಎಲ್ಲರಿಗೂ ಸೇರಿ ಒಂದು ಗುಡಿಸಲು ಹಾಕಿಕೊಳ್ಳಿ ಎಂಬುದು ಸಂಘದ ವಾದ. ಹಬ್ಬದ ದಿನಗಳಲ್ಲಿ ಹೊತ್ತುಹೊತ್ತಿನ ಊಟವನ್ನು ಹೊತ್ತು ಅಷ್ಟು ಮಹಡಿ ಇಳಿಯುವುದು ಅಸಾಧ್ಯ, ತಮ್ಮ ನಂಬಿಕೆಯಂತೆ ಸುಕ್ಕಾ ತಮ್ಮದೇ ಆಗಿರಬೇಕು ಎಂಬುದು ನಿವಾಸಿಗಳ ಉತ್ತರ. ಕ್ವಿಬೆಕ್‌ನ ನ್ಯಾಯಾಲಯಗಳು ಸಂಘದ ಪರ ತೀರ್ಪಿತ್ತವು. 2004ರ ಜೂನ್ 30ರಂದು ಕೆನಡಾದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ನಿವಾಸಿಗಳ ಪರ ನಿಂತಿತು. ಧರ್ಮಪಂಡಿತರು ಏನನ್ನು ಕಡ್ಡಾಯವೆನ್ನುತ್ತಾರೆ ಎಂಬುದಲ್ಲ, ಭಕ್ತನ ನಂಬಿಕೆ ಪ್ರಾಮಾಣಿಕವೇ ಎಂಬುದಷ್ಟೇ ನ್ಯಾಯಾಲಯ ನೋಡಬೇಕಾದ ಸಂಗತಿ ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಫ್ರಾಂಕ್ ಯಾಕೊಬುಚ್ಚಿ ಅಭಿಪ್ರಾಯಪಟ್ಟರು. ಗುಡಿಸಲು ಕೆಲವೇ ದಿನ ಇರುತ್ತದೆ, ತುರ್ತು ನಿರ್ಗಮನದ ದಾರಿಗೆ ಅಡ್ಡಬರುವುದಿಲ್ಲ ಎಂಬ ನಿವಾಸಿಗಳ ಭರವಸೆಯೂ ಗಣನೆಗೆ ಬಂತು. ಒಪ್ಪಿ ಸಹಿ ಹಾಕಿದ ಕರಾರಿಗೆ ಬೆಲೆಯಿಲ್ಲವೇ ಎಂಬ ಭಿನ್ನಮತದ ಪ್ರಶ್ನೆಯೂ ಹಗುರವಾದದ್ದಲ್ಲ. ಧರ್ಮ ಸ್ವಾತಂತ್ರ್ಯದ ಪ್ರಕರಣಗಳಲ್ಲಿ ಕೆನಡಾದ ನ್ಯಾಯಾಲಯಗಳು ಈ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತವೆ.

ಭಾರತದ ಯಹೂದಿಗಳ ಪೈಕಿ, ಮುಂಬಯಿಯ ಚಿಕ್ಕ ಮನೆಗಳಲ್ಲಿ ವಾಸಿಸುವ ಬೆನೆ ಇಸ್ರೇಲ್ ಸಮುದಾಯದವರಿಗೆ ಸಿನಗಾಗಿನ ಅಂಗಳದ ಸುಕ್ಕಾವೇ ಆಸರೆ. ಅಲ್ಲಿನ ಅತ್ಯಂತ ಹಳೆಯ ಸಿನಗಾಗ್ 1796ರಲ್ಲಿ ಸ್ಥಾಪಿತವಾದ 'ಶಾರ್ ಹಾರಹಮೀಮ್', ಎಂದರೆ ಕರುಣೆಯ ಬಾಗಿಲು. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿ, ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುವುದಾಗಿ ಹರಕೆ ಹೊತ್ತರೆಂದು ಸಮುದಾಯದ ಹೇಳಿಕೆ. ಕೊಚ್ಚಿಯ ಯಹೂದಿಗಳು ಸೂರಿಗೆ ಹೆಣೆದ ತೆಂಗಿನ ಗರಿಗಳನ್ನು ಹೊದಿಸುತ್ತಿದ್ದರು. ಅವರಲ್ಲಿ ಬಹುತೇಕರು 1950ರ ದಶಕದಲ್ಲಿ ಇಸ್ರೇಲಿಗೆ ವಲಸೆ ಹೋದರು. ಮಟ್ಟಾಂಚೇರಿಯಲ್ಲಿ 1568ರ ಪರದೇಶಿ ಸಿನಗಾಗ್ ಉಳಿದಿದೆ. ಹಬ್ಬ ಮಾಡುವ ಮನೆಗಳು ಉಳಿದಿಲ್ಲವೆನ್ನುವಷ್ಟು ಕಡಿಮೆಯಾಗಿವೆ.

ಮನೆಯಲ್ಲಿ, ಎಂದರೆ ಗುಡಿಸಲಿನಲ್ಲಿ

ಮೊದಲ ರಾತ್ರಿ ಸುಕ್ಕಾದಲ್ಲಿ ರೊಟ್ಟಿಯ ಒಂದು ತುಣುಕನ್ನಾದರೂ ತಿನ್ನುವುದು ಕಡ್ಡಾಯ. ಉಳಿದ ದಿನಗಳಲ್ಲಿ ಹಣ್ಣು ನೀರುಗಳನ್ನು ಎಲ್ಲಾದರೂ ಸೇವಿಸಬಹುದು, ಊಟ ಮಾತ್ರ ಒಳಗೇ ಆಗಬೇಕು. ಶ್ರದ್ಧಾವಂತರು, ಹವೆ ಅನುಕೂಲವಾಗಿರುವ ಊರುಗಳಲ್ಲಿ, ಅಲ್ಲೇ ಮಲಗುತ್ತಾರೆ. ಮಕ್ಕಳು ಬಣ್ಣದ ಕಾಗದದ ಸರ, ದಾಳಿಂಬೆ, ದ್ರಾಕ್ಷಿ ಗೊಂಚಲುಗಳನ್ನು ತೂಗುಹಾಕಿ ಅಲಂಕರಿಸುತ್ತಾರೆ. ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದರನ್ನು ದಿನಕ್ಕೊಬ್ಬರಂತೆ ಅತಿಥಿಗಳಾಗಿ ಆಹ್ವಾನಿಸುವ ಸಂಪ್ರದಾಯವೂ ಇದೆ. ಆ ಪಾಲನ್ನು ಬಡವರಿಗೆ ಉಣಬಡಿಸಬೇಕು.

ಮಳೆ ಬಂದರೆ? ಬಟ್ಟಲಿನ ಅಂಬಲಿ ಕೆಡುವಷ್ಟು ಸುರಿದರೆ ಎದ್ದು ಮನೆಯೊಳಗೆ ಹೋಗಬಹುದೆಂದು ಮಿಶ್ನಾ ಅನುಮತಿಸುತ್ತದೆ. ರೋಗಿಗಳಿಗೂ ಅವರ ಶುಶ್ರೂಷೆಯಲ್ಲಿರುವವರಿಗೂ ವಿನಾಯಿತಿಯುಂಟು. ಅಷ್ಟಾಗಿಯೂ ಹಟದಿಂದ ನೆನೆಯುತ್ತ ಕುಳಿತವನಿಗೆ ಪುಣ್ಯವೇನೂ ಇಲ್ಲ, ಅವನು ಅರಿಯದವನೆನಿಸಿಕೊಳ್ಳುತ್ತಾನೆ ಎಂದು ನಂತರದ ಶಾಸ್ತ್ರಗ್ರಂಥಗಳು ಕಟುವಾಗಿಯೇ ಹೇಳುತ್ತವೆ. ಕಷ್ಟವನ್ನು ನೆನೆಯಬೇಕೇ ಹೊರತು ಕಷ್ಟಪಡಬೇಕಾಗಿಲ್ಲ.

ಮಾದಲ ಹಣ್ಣು ಮತ್ತು ಮೂರು ಕೊಂಬೆಗಳು

ಹಬ್ಬದ ಇನ್ನೊಂದು ಅಂಗ ನಾಲ್ಕು ಸಸ್ಯಗಳದು. ಖರ್ಜೂರದ ಮರದ ಇನ್ನೂ ಬಿಚ್ಚಿಕೊಳ್ಳದ ಸುಳಿಗರಿ ಒಂದು, ಪರಿಮಳದ ಮರ್ಟಲ್ ಗಿಡದ ಮೂರು ಕಡ್ಡಿ, ತೊರೆಯ ದಡದ ವಿಲೋ ಮರದ ಎರಡು ರೆಂಬೆ. ಇವನ್ನು ಒಟ್ಟಿಗೆ ಕಟ್ಟಿ ಬಲಗೈಯಲ್ಲಿ ಹಿಡಿಯುತ್ತಾರೆ. ಎಡಗೈಯಲ್ಲಿ 'ಎತ್ರೋಗ್'. ಇದು ಕನ್ನಡಿಗರಿಗೆ ಹೊಸದಲ್ಲ, ನಮ್ಮ ಮಾದಲ ಹಣ್ಣೇ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗವೂ ಇದೇ. ಈಶಾನ್ಯ ಭಾರತವೂ ಸೇರಿದಂತೆ ಹಿಮಾಲಯದ ಪೂರ್ವ ತಪ್ಪಲನ್ನು ಸಸ್ಯವಿಜ್ಞಾನಿಗಳು ಈ ಕುಲದ ತವರೆನ್ನುತ್ತಾರೆ. ಆಶೀರ್ವಚನ ಹೇಳಿ ನಾಲ್ಕೂ ದಿಕ್ಕುಗಳತ್ತ, ಮೇಲಕ್ಕೆ, ಕೆಳಕ್ಕೆ ಇವನ್ನು ಅಲುಗಿಸುತ್ತಾರೆ. ಮಾದಲಕ್ಕೆ ರುಚಿಯೂ ಪರಿಮಳವೂ ಇದೆ, ವಿಲೋಗೆ ಎರಡೂ ಇಲ್ಲ, ಉಳಿದೆರಡಕ್ಕೆ ಒಂದೊಂದೇ. ಸಮಾಜದಲ್ಲಿ ವಿದ್ಯೆಯೂ ಸತ್ಕರ್ಮವೂ ಇರುವವರು, ಎರಡೂ ಇಲ್ಲದವರು ಎಲ್ಲರನ್ನೂ ಒಂದೇ ಕಟ್ಟಿನಲ್ಲಿ ಹಿಡಿಯಬೇಕೆಂಬುದು ಇದರ ಅರ್ಥ ಎಂದು ಹಳೆಯ ವ್ಯಾಖ್ಯಾನ.

ಎತ್ರೋಗಿನ ಆಯ್ಕೆ ಚಿನ್ನದ ಖರೀದಿಯಷ್ಟು ಸೂಕ್ಷ್ಮ. ಸಿಪ್ಪೆಯ ಮೇಲೆ ಚುಕ್ಕೆಯಿರಬಾರದು, ತುದಿಯ ಕುಡಿ ಮುರಿದಿರಬಾರದು, ನಿಂಬೆ ಗಿಡಕ್ಕೆ ಕಸಿಮಾಡಿದ್ದಾಗಿರಬಾರದು. ಕೆಲವರು ಭೂತಗನ್ನಡಿ ಹಿಡಿದೇ ಅಂಗಡಿಗೆ ಬರುತ್ತಾರೆ. ಇಟಲಿಯ ಕಲಾಬ್ರಿಯಾ, ಮೊರಾಕ್ಕೊ, ಇಸ್ರೇಲಿನ ತೋಟಗಳಿಂದ ಹಣ್ಣು ಬರುತ್ತದೆ. ಒಂದು ಕಾಲಕ್ಕೆ ಗ್ರೀಸಿನ ಕೋರ್ಫು ದ್ವೀಪದ ಹಣ್ಣಿಗೆ ಯುರೋಪಿನಲ್ಲಿ ಬಲು ಬೇಡಿಕೆಯಿತ್ತು. 1891ರಲ್ಲಿ ಅಲ್ಲಿ ಯಹೂದಿ ಬಾಲಕಿಯೊಬ್ಬಳ ಕೊಲೆಯಾದಾಗ, ಅವಳು ಕ್ರೈಸ್ತಳೆಂಬ ವದಂತಿ ಹಬ್ಬಿಸಿ ಯಹೂದಿಗಳ ಮೇಲೆಯೇ ದೋಷ ಹೊರಿಸಲಾಯಿತು, ಹಲ್ಲೆಗಳು ನಡೆದವು. ಬಹಿಷ್ಕಾರದಿಂದ ಅಲ್ಲಿನ ಮಾದಲ ವ್ಯಾಪಾರ ನೆಲಕಚ್ಚಿತು.

ಸಿನಗಾಗಿನಲ್ಲಿ ಪ್ರತಿದಿನ ಸ್ತುತಿಗೀತೆಗಳ ಪಠನದ ಬಳಿಕ ಈ ಸಸ್ಯಗಳನ್ನು ಹಿಡಿದು ವೇದಿಕೆಯ ಸುತ್ತ ಒಂದು ಪ್ರದಕ್ಷಿಣೆ ನಡೆಯುತ್ತದೆ. ಶನಿವಾರ ಮಾತ್ರ ಸಸ್ಯಗಳನ್ನು ಕೈಗೆತ್ತಿಕೊಳ್ಳುವುದಿಲ್ಲ. ಏಳನೆಯ ದಿನವಾದ ಹೋಶಾನಾ ರಬ್ಬಾದಂದು ಏಳು ಪ್ರದಕ್ಷಿಣೆ. ಕೊನೆಗೆ ವಿಲೋ ರೆಂಬೆಗಳನ್ನು ನೆಲಕ್ಕೆ ಬಡಿಯುತ್ತಾರೆ.

ಏಳು ದಿನವೂ ಯಾರೂ ಮಳೆ ಬೇಡುವುದಿಲ್ಲ. ಗುಡಿಸಲಲ್ಲಿ ಕುಳಿತು ಮಳೆ ಕೇಳುವುದು ಹೇಗೆ? ಎಂಟನೆಯ ದಿನ, ಶೆಮಿನಿ ಅತ್ಸೆರೆತ್‌ನಂದು, ಮಳೆಗಾಗಿ ಮೀಸಲಾದ ಪ್ರಾರ್ಥನೆ ಮೊಳಗುತ್ತದೆ. ಆಗಲೂ ಸ್ತುತಿಯಷ್ಟೇ. ನಿತ್ಯಪ್ರಾರ್ಥನೆಯಲ್ಲಿ 'ಮಳೆ ಕೊಡು' ಎಂಬ ನೇರ ಬೇಡಿಕೆಯನ್ನು ಇಸ್ರೇಲಿನಲ್ಲಿ ಇನ್ನೆರಡು ವಾರ ತಡೆದಿಡುತ್ತಾರೆ. ಪ್ರಾಚೀನ ಕಾಲದಲ್ಲಿ ಜೆರುಸಲೇಮಿಗೆ ಬಂದ ಯಾತ್ರಿಕರಲ್ಲಿ ಅತಿ ದೂರದವನೂ ಯೂಫ್ರೆಟಿಸ್ ನದಿಯನ್ನು ತಲುಪುವ ತನಕ ಅವನ ದಾರಿ ಕೆಸರಾಗದಿರಲಿ ಎಂದು. ದೇವಾಲಯ ಕ್ರಿ.ಶ. 70ರಲ್ಲೇ ನಾಶವಾದರೂ, ಆ ಯಾತ್ರಿಕನಿಗಾಗಿ ಕಾಯುವುದು ನಿಂತಿಲ್ಲ.

ಅದೇ ದಿನ ಇಸ್ರೇಲಿನಲ್ಲಿ, ಮರುದಿನ ಹೊರದೇಶಗಳಲ್ಲಿ ಸಿಮ್ಖತ್ ತೋರಾ. ವರ್ಷವಿಡೀ ವಾರವಾರ ಓದಿದ ತೋರಾದ ಕೊನೆಯ ಅಧ್ಯಾಯವನ್ನು ಮುಗಿಸಿ, ಮರುಕ್ಷಣವೇ ಮೊದಲ ಅಧ್ಯಾಯ ಆರಂಭಿಸುತ್ತಾರೆ. ಸುರುಳಿಗಳನ್ನು ಅಪ್ಪಿಕೊಂಡು ಕುಣಿಯುತ್ತಾರೆ. 2023ರಲ್ಲಿ ಈ ಹಬ್ಬ ಅಕ್ಟೋಬರ್ 7ರ ಶನಿವಾರ ಬಂದಿತ್ತು. ಅಂದು ಬೆಳಗ್ಗೆ ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಹತರಾದರು, 251 ಮಂದಿ ಒತ್ತೆಯಾದರು. ನಂತರದ ಯುದ್ಧದಲ್ಲಿ 2025ರ ಅಕ್ಟೋಬರ್ ವೇಳೆಗೆ ಗಾಝಾದಲ್ಲಿ 67,000ಕ್ಕೂ ಹೆಚ್ಚು ಜನ ಮೃತಪಟ್ಟರೆಂದು ಅಲ್ಲಿನ ಆರೋಗ್ಯ ಸಚಿವಾಲಯ ತಿಳಿಸಿತು. ಮನೆ ಕಳೆದುಕೊಂಡ ಲಕ್ಷಾಂತರ ಮಂದಿ ಗುಡಾರಗಳ ಪಾಲಾದರು. ಅದು ಅವರು ಆರಿಸಿಕೊಂಡ ಏಳು ದಿನಗಳ ವ್ರತವಾಗಿರಲಿಲ್ಲ. 2024ರ ಹಬ್ಬದಲ್ಲಿ ಕುಣಿಯುವುದು ಸರಿಯೇ ಎಂಬ ಚರ್ಚೆ ಅನೇಕ ಸಿನಗಾಗ್‌ಗಳಲ್ಲಿ ನಡೆಯಿತು. ಜೀವಂತ ಉಳಿದಿದ್ದ ಕೊನೆಯ 20 ಒತ್ತೆಯಾಳುಗಳು ಬಿಡುಗಡೆಯಾದದ್ದು 2025ರ ಅಕ್ಟೋಬರ್ 13ರಂದು. ಅದು ಹೋಶಾನಾ ರಬ್ಬಾ, ಗುಡಿಸಲ ವಾಸದ ಏಳನೆಯ ದಿನ.

ಹಬ್ಬ ಮುಗಿದ ಮೇಲೆ ಗುಡಿಸಲನ್ನು ಬಿಚ್ಚಿ, ಬಿದಿರು ಹಲಗೆಗಳನ್ನು ಮುಂದಿನ ವರ್ಷಕ್ಕೆಂದು ಕಟ್ಟಿಡುತ್ತಾರೆ. ಮಾದಲ ಹಣ್ಣನ್ನು ಕೆಲವರು ಸಕ್ಕರೆಯಲ್ಲಿ ಕುದಿಸಿ ಮುರಬ್ಬ ಮಾಡುತ್ತಾರೆ. ಕೆಲವರು ಮೈತುಂಬ ಲವಂಗ ಚುಚ್ಚಿ, ಶನಿವಾರ ಸಂಜೆಯ ಪ್ರಾರ್ಥನೆಯಲ್ಲಿ ಮೂಸುವ ಸುಗಂಧವಾಗಿ ಇಟ್ಟುಕೊಳ್ಳುತ್ತಾರೆ. ಒಣಗಿದ ಖರ್ಜೂರದ ಗರಿಯನ್ನು ಬಿಸಾಡುವುದಿಲ್ಲ. ಆರು ತಿಂಗಳ ನಂತರ ಪಾಸೋವರ್ ಹಬ್ಬದ ಮುನ್ನಾದಿನ ಮನೆಯಲ್ಲಿ ಉಳಿದ ಹುದುಗು ಹಿಟ್ಟಿನ ಪದಾರ್ಥಗಳನ್ನು ಸುಡುವಾಗ, ಆ ಬೆಂಕಿಗೆ ಅದೇ ಗರಿಯನ್ನು ಹಾಕುತ್ತಾರೆ.