ರಾಗ್ನರೋಕ್: ನಾರ್ಸ್ ಜನರ ಪ್ರಳಯಕಥೆಯೂ ಅದರ ತಾತ್ಪರ್ಯವೂ

ಯೂರೋಪಿನ ಉತ್ತರದ ಅಂಚಿನಲ್ಲಿರುವ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ದೇಶಗಳ ಪ್ರಾಚೀನ ಜನರಿಗೂ ಅಲ್ಲಿಂದ ಹೋಗಿ ಐಸ್‌ಲೆಂಡ್ ದ್ವೀಪದಲ್ಲಿ ನೆಲಸಿದವರಿಗೂ ‘ನಾರ್ಸ್’ ಎಂಬ ಸಾಮಾನ್ಯನಾಮವು ಸಲ್ಲುವುದು. ಕ್ರೈಸ್ತಮತವನ್ನು ಅವಲಂಬಿಸುವುದಕ್ಕೆ ಮುಂಚೆ ಇವರು ಪೂಜಿಸುತ್ತಿದ್ದ ದೇವತೆಗಳಲ್ಲಿ ಒಂದು ವಿಶೇಷವುಂಟು: ಆ ದೇವತೆಗಳು ಅಮರರಲ್ಲ. ಓಡಿನ್, ಥೋರ್, ಫ್ರೇರ್ ಮೊದಲಾದ ಮುಖ್ಯದೇವತೆಗಳು ಒಂದು ದಿನ ಯುದ್ಧದಲ್ಲಿ ಮಡಿಯುವರೆಂದೂ, ಅವರೊಡನೆ ಲೋಕವೂ ಬೆಂದು ಸಮುದ್ರದಲ್ಲಿ ಮುಳುಗುವುದೆಂದೂ, ಅನಂತರ ಭೂಮಿಯು ಹೊಸದಾಗಿ ಮೇಲೇಳುವುದೆಂದೂ ಅವರ ಪುರಾಣವು ಸಾರುವುದು. ಇನ್ನೂ ಆಶ್ಚರ್ಯವೇನೆಂದರೆ, ಮುಂದೆ ಬರಲಿರುವ ಈ ಮರಣವು ಆ ದೇವತೆಗಳಿಗೆ ಮೊದಲೇ ತಿಳಿದಿರುವುದು. ಈ ವೃತ್ತಾಂತಕ್ಕೆ ‘ರಾಗ್ನರೋಕ್’ ಎಂದು ಹೆಸರು. ಇದನ್ನು ಬರಿಯ ನಿರಾಶೆಯ ಕಥೆಯೆಂದು ಎಣಿಸುವ ವಾಡಿಕೆಯುಂಟು. ಆಕರಗಳನ್ನು ಪರಿಶೀಲಿಸಿದರೆ ಆ ಅಭಿಪ್ರಾಯವು ನಿಲ್ಲಲಾರದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೧. ಆಕರಗಳು

ಕಥೆಗೆ ಮುಖ್ಯವಾದ ಆಕರಗಳು ಎರಡು. ಮೊದಲನೆಯದು ‘ಪದ್ಯ ಎಡ್ಡಾ’ ಎಂದು ಪ್ರಸಿದ್ಧವಾದ ಪ್ರಾಚೀನ ಗೀತಗಳ ಸಂಗ್ರಹ. ಇದರ ಪ್ರಧಾನ ಹಸ್ತಪ್ರತಿಯು ಸುಮಾರು ೧೨೭೦ರಲ್ಲಿ ಐಸ್‌ಲೆಂಡಿನಲ್ಲಿ ತೊಗಲಿನ ಹಾಳೆಗಳ ಮೇಲೆ ಬರೆಯಲ್ಪಟ್ಟಿತು. ೧೬೪೩ರಲ್ಲಿ ಸ್ಕಾಲ್‌ಹೋಲ್ಟಿನ ಬಿಷಪ್ ಬ್ರಿನ್ಯೋಲ್ವುರ್ ಸ್ವೇನ್ಸನ್ ಎಂಬವನ ಕೈಸೇರಿ, ೧೬೬೨ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋಗಿ, ೧೯೭೧ರಲ್ಲಿ ಮರಳಿ ಐಸ್‌ಲೆಂಡಿಗೆ ಬಂದಿತು. ಈ ಸಂಗ್ರಹದ ಮೊದಲನೆಯ ಗೀತಕ್ಕೆ ‘ವೋಲುಸ್ಪಾ’, ಎಂದರೆ ‘ಕಣಿಗಾರ್ತಿಯ ವಾಣಿ’ ಎಂದು ಹೆಸರು. ಓಡಿನ್ನನ ಅಪೇಕ್ಷೆಯಂತೆ ಒಬ್ಬ ಕಣಿಗಾರ್ತಿಯು ಸೃಷ್ಟಿಯಿಂದ ಪ್ರಳಯದವರೆಗಿನ ಸಮಸ್ತವನ್ನೂ ಹೇಳುವುದೇ ಇದರ ವಸ್ತು. ಇದು ಕ್ರಿ. ಶ. ೧೦೦೦ದ ಸುಮಾರಿನಲ್ಲಿ, ಐಸ್‌ಲೆಂಡಿನ ಮಹಾಸಭೆಯು ಕ್ರೈಸ್ತಮತವನ್ನು ಅಂಗೀಕರಿಸಿದ ಕಾಲಕ್ಕೆ ಸಮೀಪದಲ್ಲಿ, ರಚಿತವಾಯಿತೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ.

ಎರಡನೆಯ ಆಕರವು ಸ್ನೋರಿ ಸ್ಟುರ್ಲುಸನ್ (೧೧೭೯–೧೨೪೧) ಎಂಬ ಪಂಡಿತನು ಸುಮಾರು ೧೨೨೦ರಲ್ಲಿ ರಚಿಸಿದ ‘ಗದ್ಯ ಎಡ್ಡಾ’. ಸ್ನೋರಿಯು ಕ್ರೈಸ್ತನು, ಆದರೂ ಹಳೆಯ ಕಥೆಗಳನ್ನು ಅರಿಯದವನಿಗೆ ಹಳೆಯ ಕಾವ್ಯವು ಅರ್ಥವಾಗದೆಂದು ಬಗೆದು ಅವನ್ನು ಸಂಗ್ರಹಿಸಿದನು. ಇವೆರಡಕ್ಕೂ ಹಿಂದಿನ ಸಾಕ್ಷ್ಯವನ್ನು ಶಿಲ್ಪಗಳು ಒದಗಿಸುವುವು. ಇಂಗ್ಲೆಂಡಿನ ಗಾಸ್‌ಫರ್ತ್ ಗ್ರಾಮದಲ್ಲಿ ಹತ್ತನೆಯ ಶತಮಾನದ ಎತ್ತರವಾದ ಕಲ್ಲಿನ ಶಿಲುಬೆಯೊಂದಿದೆ. ಅದರಲ್ಲಿ ಮೃಗವೊಂದರ ದವಡೆಗೆ ಕಾಲನ್ನಿಟ್ಟು ನಿಂತ ಪುರುಷನ ಆಕೃತಿಯುಂಟು; ಅದೇ ಶಿಲುಬೆಯಲ್ಲಿ ಕ್ರಿಸ್ತನ ಮರಣದ ಚಿತ್ರವೂ ಉಂಟು. ಹಳೆಯ ಮತವೂ ಹೊಸ ಮತವೂ ಒಂದೇ ಕಲ್ಲಿನಲ್ಲಿ ಎದುರುಬದುರಾಗಿ ನಿಂತ ಕಾಲವದು.

‘ರಾಗ್ನರೋಕ್’ ಎಂಬ ಸಮಾಸದಲ್ಲಿ ಪೂರ್ವಪದಕ್ಕೆ ‘ದೇವತೆಗಳ’ ಎಂದೂ ಉತ್ತರಪದಕ್ಕೆ ‘ವಿಧಿ, ಅಂತಿಮಗತಿ’ ಎಂದೂ ಅರ್ಥ. ಸ್ನೋರಿಯು ಪ್ರಯೋಗಿಸಿರುವ ರೂಪದಲ್ಲಿ ಉತ್ತರಪದವು ಸ್ವಲ್ಪ ಬೇರೆಯಾಗಿ ‘ಮುಚ್ಚಂಜೆ’ ಎಂಬ ಅರ್ಥವನ್ನು ಕೊಡುವುದು. ಜರ್ಮನ್ ಸಂಗೀತಕಾರನಾದ ವಾಗ್ನರನು ೧೮೭೬ರಲ್ಲಿ ಮೊದಲು ಆಡಿಸಿದ ತನ್ನ ಗೀತನಾಟಕಕ್ಕೆ ‘ದೇವತೆಗಳ ಮುಚ್ಚಂಜೆ’ ಎಂಬ ಹೆಸರನ್ನಿಟ್ಟುದರಿಂದ ಈ ಎರಡನೆಯ ಅರ್ಥವೇ ಜಗತ್ತಿನಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿತು. ಮುಚ್ಚಂಜೆಯು ತಾನಾಗಿಯೇ ಕವಿಯತಕ್ಕದ್ದು. ವಿಧಿಯಾದರೋ ಹಿಂದೆ ನಡೆದ ಕರ್ಮಗಳಿಂದ ಕೂಡಿಬರತಕ್ಕದ್ದು. ಕಥೆಯ ತಾತ್ಪರ್ಯಕ್ಕೆ ಮೊದಲನೆಯ ಅರ್ಥವೇ ಹೊಂದುವುದೆಂಬುದು ಮುಂದೆ ವ್ಯಕ್ತವಾಗುವುದು.

೨. ಕಥಾಸಾರ

ಓಡಿನ್ನನ ಮಗನಾದ ಬಾಲ್ಡರನು ದೇವತೆಗಳಲ್ಲಿ ಅತ್ಯಂತ ನಿರ್ಮಲನು. ಅವನಿಗೆ ಕೇಡಾಗುವುದೆಂದು ಸ್ವಪ್ನಗಳು ಸೂಚಿಸಲು, ತಾಯಿಯಾದ ಫ್ರಿಗ್ಗಳು ಅವನಿಗೆ ಹಾನಿಮಾಡೆವೆಂದು ಸಕಲ ವಸ್ತುಗಳಿಂದಲೂ ಆಣೆಯನ್ನು ಪಡೆದಳು. ಮರದ ಮೇಲೆ ಬೆಳೆಯುವ ಒಂದು ಬಂದಣಿಕೆಯನ್ನು ಮಾತ್ರ ತೀರ ಎಳೆಯದೆಂದು ಬಿಟ್ಟಳು. ಕುಟಿಲನಾದ ಲೋಕಿಯು ಆ ಬಂದಣಿಕೆಯನ್ನೇ ತಂದು, ಬಾಲ್ಡರನ ತಮ್ಮನೂ ಕುರುಡನೂ ಆದ ಹೋಡನ ಕೈಗೆ ಕೊಟ್ಟು ಎಸೆಯಿಸಿದನು. ಬಾಲ್ಡರನು ಸತ್ತನು, ತಿಳಿಯದೆ ಕೊಂದ ಹೋಡನೂ ಪ್ರತೀಕಾರಕ್ಕಾಗಿ ಕೊಲ್ಲಲ್ಪಟ್ಟನು. ದೇವತೆಗಳು ಲೋಕಿಯನ್ನು ಬಂಡೆಗಳಿಗೆ ಬಿಗಿದರು. ಅಲ್ಲಿಂದ ಮುಂದೆ ಲೋಕವು ಅಂತ್ಯದ ಕಡೆಗೇ ಉರುಳತೊಡಗಿತು.

ಪ್ರಳಯದ ಮೊದಲನೆಯ ಚಿಹ್ನೆಯು ನಡುವೆ ಬೇಸಗೆಯೇ ಇಲ್ಲದೆ ಒಂದರ ಮೇಲೊಂದು ಬರುವ ಮೂರು ಘೋರ ಚಳಿಗಾಲಗಳು. ಕ್ರಿ. ಶ. ೫೩೬ ಮತ್ತು ೫೪೦ರ ಸುಮಾರಿನ ಭಾರಿ ಜ್ವಾಲಾಮುಖಿಸ್ಫೋಟಗಳಿಂದ ಬಿಸಿಲು ಮಂಕಾಗಿ ಬೇಸಗೆಗಳು ತಣ್ಣಗಾದುವೆಂಬುದು ಹಿಮದ ಪದರಗಳಿಂದಲೂ ಮರಗಳ ಬೆಳವಣಿಗೆಯ ಬಳೆಗಳಿಂದಲೂ ಇತ್ತೀಚೆಗೆ ಸಿದ್ಧಪಟ್ಟಿದೆ. ಆ ಭಯದ ನೆನಪೇ ಕಥೆಯಲ್ಲಿ ಉಳಿದಿರಬಹುದೆಂದು ಕೆಲವರ ಊಹೆ. ಊಹೆಯು ಸೊಗಸಾದುದೇ, ಆದರೆ ಕವಿಗೆ ಚಳಿಗಿಂತಲೂ ಭಯಂಕರವಾಗಿ ತೋರಿದುದು ಮನುಷ್ಯರ ನಡತೆ. ಒಡಹುಟ್ಟಿದವರು ಒಬ್ಬರನ್ನೊಬ್ಬರು ಕೊಲ್ಲುವರು. ಬಂಧುತ್ವದ ಮರ್ಯಾದೆಯು ಅಳಿಯುವುದು. ಒಬ್ಬನಿಗೊಬ್ಬನು ಕರುಣೆ ತೋರನು. ಆಮೇಲೆ ತೋಳಗಳು ಸೂರ್ಯಚಂದ್ರರನ್ನು ನುಂಗುವುವು. ಕಟ್ಟಿಹಾಕಿದ್ದ ಫೆನ್ರಿರ್ ಎಂಬ ಮಹಾವೃಕವು ಸಂಕೋಲೆಯನ್ನು ಹರಿಯುವುದು. ಭೂಮಿಯನ್ನು ಸುತ್ತಿದ ಮಹಾಸರ್ಪವು ಕಡಲಿನಿಂದೇಳುವುದು. ಸತ್ತವರ ಉಗುರುಗಳಿಂದ ಕಟ್ಟಿದ ‘ನಾಗಲ್‌ಫಾರ್’ ಎಂಬ ಹಡಗು ಹೊರಡುವುದು. ದಕ್ಷಿಣದಿಂದ ಸುರ್ತನೆಂಬ ಅಗ್ನಿದೈತ್ಯನು ಉರಿಯುವ ಖಡ್ಗದೊಡನೆ ಬರುವನು.

ದೇವತೆಗಳ ಕಾವಲುಗಾರನಾದ ಹೈಮ್‌ದಾಲನು ಕೊಂಬನ್ನೂದುವನು. ಓಡಿನ್ನನನ್ನು ತೋಳವು ನುಂಗುವುದು. ಅವನ ಮಗನಾದ ವೀದಾರನು ಅದರ ಕೆಳದವಡೆಯನ್ನು ಮೆಟ್ಟಿ ಬಾಯನ್ನು ಸೀಳುವನು. ಗಾಸ್‌ಫರ್ತಿನ ಕಲ್ಲಿನಲ್ಲಿರುವ ಪುರುಷನು ಇವನೇ ಎಂದು ಊಹಿಸಲ್ಪಟ್ಟಿದೆ. ಥೋರನು ಸರ್ಪವನ್ನು ಕೊಂದು, ಒಂಬತ್ತು ಹೆಜ್ಜೆ ನಡೆದು, ಅದರ ವಿಷದಿಂದ ಕೆಳಗುರುಳುವನು. ಹೈಮ್‌ದಾಲನೂ ಲೋಕಿಯೂ ಪರಸ್ಪರ ಹತರಾಗುವರು. ಸುರ್ತನು ಲೋಕವನ್ನೆಲ್ಲ ಸುಡುವನು. ಭೂಮಿಯು ಕಡಲಿನಲ್ಲಿ ಮುಳುಗುವುದು.

ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಭೂಮಿಯು ಹಸುರಾಗಿ ಮತ್ತೆ ಮೇಲೇಳುವುದು. ಬಿತ್ತದ ಹೊಲಗಳು ಬೆಳೆಯುವುವು. ಸೂರ್ಯದೇವಿಯು ಸಾಯುವ ಮುನ್ನ ಹೆತ್ತ ಮಗಳು ತಾಯಿಯ ದಾರಿಯಲ್ಲಿ ಸಂಚರಿಸುವಳು. ವನವೊಂದರಲ್ಲಿ ಅಡಗಿ ಮುಂಜಾವಿನ ಇಬ್ಬನಿಯನ್ನು ಉಂಡು ಬದುಕಿದ ಲೀಫ್, ಲೀಫ್‌ಥ್ರಾಸಿರ್ ಎಂಬಿಬ್ಬರಿಂದ ಮನುಷ್ಯಕುಲವು ಪುನಃ ಹಬ್ಬುವುದು. ಬಾಲ್ಡರನೂ ಹೋಡನೂ ಮೃತ್ಯುಲೋಕದಿಂದ ಮರಳಿ ಒಟ್ಟಿಗೆ ವಾಸಮಾಡುವರು. ಉಳಿದ ದೇವತೆಗಳಿಗೆ ಹುಲ್ಲಿನಲ್ಲಿ ತಮ್ಮ ಹಿರಿಯರು ಆಡುತ್ತಿದ್ದ ಆಟದ ಚಿನ್ನದ ಕಾಯಿಗಳು ದೊರೆಯುವುವು.

೩. ನವಸೃಷ್ಟಿಯು ಕ್ರೈಸ್ತಭಾವನೆಯೋ?

ಈ ನವಸೃಷ್ಟಿಯ ಭಾಗವು ಕ್ರೈಸ್ತಮತದಿಂದ ಬಂದುದೆಂಬ ವಾದವುಂಟು. ಡೆನ್ಮಾರ್ಕಿನ ವಿದ್ವಾಂಸನಾದ ಆಕ್ಸೆಲ್ ಓಲ್ರಿಕನು ೧೯೦೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಥೆಯ ಅಂಶಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಅವುಗಳಲ್ಲಿ ಸ್ಥಳೀಯವಾದುವೂ ಹೊರಗಿನಿಂದ ಬಂದುವೂ ಬೆರೆತಿವೆಯೆಂದು ಪ್ರತಿಪಾದಿಸಿದನು. ವೋಲುಸ್ಪಾದ ಮಟ್ಟಿಗೆ ಸಂದೇಹಕ್ಕೆ ಅವಕಾಶವುಂಟು. ಎಲ್ಲವನ್ನೂ ಆಳುವ ಮಹಾಬಲನೊಬ್ಬನು ಮೇಲಿನಿಂದ ಇಳಿದುಬರುವನೆಂಬ ಪದ್ಯವು ಹದಿನಾಲ್ಕನೆಯ ಶತಮಾನದ ಆದಿಭಾಗದ ‘ಹೌಕ್ಸ್‌ಬೋಕ್’ ಎಂಬ ಹಸ್ತಪ್ರತಿಯಲ್ಲಿದೆ, ಪ್ರಧಾನಪ್ರತಿಯಲ್ಲಿ ಇಲ್ಲ. ಆದರೆ ಸೂರ್ಯನ ಮಗಳೂ ಇಬ್ಬನಿಯನ್ನುಂಡು ಬದುಕಿದ ದಂಪತಿಗಳೂ ‘ವಾಫ್‌ಥ್ರೂದ್‌ನಿಸ್ಮಾಲ್’ ಎಂಬ ಬೇರೊಂದು ಗೀತದಲ್ಲಿ ಬರುವರು. ಅಲ್ಲಿ ಕ್ರೈಸ್ತಛಾಯೆಯನ್ನು ಕಾಣುವುದು ಕಷ್ಟ. ಹತ್ತನೆಯ ಶತಮಾನದಲ್ಲಿ ಮಡಿದ ನಾರ್ವೆಯ ಎರಿಕ್, ಹಾಕೋನ್ ಎಂಬ ದೊರೆಗಳ ಚರಮಗೀತಗಳಲ್ಲಿಯೂ ಆ ತೋಳದ ಭಯವು ಉಕ್ತವಾಗಿದೆ. ಆದುದರಿಂದ ಬಣ್ಣವು ಅಲ್ಲಲ್ಲಿ ಹೊಸದಾಗಿರಬಹುದು. ಭಿತ್ತಿಯು ಹಳೆಯದೆಂದೇ ಹೇಳಬೇಕಾಗುವುದು.

೪. ಭಾರತೀಯ ಕಥೆಗಳೊಡನೆ ಸಾಮ್ಯ

ಓಡಿನ್ನನ ವೀರಸಭೆಗೆ ೫೪೦ ಬಾಗಿಲುಗಳೆಂದೂ, ಅಂತಿಮಯುದ್ಧದ ದಿನ ಒಂದೊಂದರಿಂದಲೂ ೮೦೦ ಮಂದಿ ವೀರರು ಹೊರಡುವರೆಂದೂ ‘ಗ್ರಿಮ್‌ನಿಸ್ಮಾಲ್’ ಗೀತದಲ್ಲಿದೆ. ಗುಣಿಸಿದರೆ ೪,೩೨,೦೦೦, ಇದು ನಮ್ಮ ಕಲಿಯುಗದ ವರ್ಷಗಳ ಸಂಖ್ಯೆಯೇ ಆಗಿರುವುದನ್ನು ಕಂಡು ವಾಚಕರು ಬೆರಗಾಗಬಹುದು. ಆದರೆ ಪ್ರಾಚೀನ ನಾರ್ಸರಲ್ಲಿ ‘ನೂರು’ ಎಂದರೆ ಸಾಮಾನ್ಯವಾಗಿ ೧೨೦. ಆ ಲೆಕ್ಕದಲ್ಲಿ ಬಾಗಿಲುಗಳು ೬೪೦, ವೀರರು ೯೬೦, ಗುಣಲಬ್ಧವು ೬,೧೪,೪೦೦ ಆಗುವುದು. ಇಂತಹ ಸಾಮ್ಯವನ್ನು ಪ್ರಮಾಣವಾಗಿ ಹಿಡಿಯತಕ್ಕುದಲ್ಲ.

ಇದಕ್ಕಿಂತ ವಿಚಾರಯೋಗ್ಯವಾದುದು ಫ್ರೆಂಚ್ ವಿದ್ವಾಂಸನಾದ ಜಾರ್ಜ್ ದ್ಯುಮೆಜಿಲನು (೧೮೯೮–೧೯೮೬) ಎತ್ತಿತೋರಿಸಿದ ಸಾಮ್ಯ. ಕುರುಡನಾದ ಹೋಡನು ಲೋಕಿಯ ಕೈಗೊಂಬೆಯಾಗಿ ಬಾಲ್ಡರನಿಗೆ ಕೇಡನ್ನು ಮಾಡುವಂತೆ, ಮಹಾಭಾರತದಲ್ಲಿ ಕುರುಡನಾದ ಧೃತರಾಷ್ಟ್ರನು ದುರ್ಯೋಧನನಿಗೆ ವಶನಾಗಿ ಧರ್ಮರಾಯನಿಗೆ ಕೇಡನ್ನು ಮಾಡುವನು. ಎರಡರಲ್ಲಿಯೂ ಸರ್ವನಾಶಕವಾದ ಯುದ್ಧವು ಸಂಭವಿಸುವುದು. ಎರಡರಲ್ಲಿಯೂ ಅದು ಮುಗಿದ ಬಳಿಕ ಕುರುಡನೂ ಅವನಿಂದ ನೊಂದವನೂ ಒಂದೇ ಮನೆಯಲ್ಲಿ ಸಾಮರಸ್ಯದಿಂದ ಬಾಳುವರು. ಯುದ್ಧಾನಂತರ ಧೃತರಾಷ್ಟ್ರನು ಹದಿನೈದು ವರ್ಷಗಳ ಕಾಲ ಧರ್ಮರಾಯನ ಆಶ್ರಯದಲ್ಲಿದ್ದುದು ಆಶ್ರಮವಾಸಪರ್ವದಲ್ಲಿ ಪ್ರಸಿದ್ಧವಾಗಿದೆ. ಎರಡೂ ಒಂದೇ ಮೂಲದಿಂದ ಬಂದುವೆಂಬ ಅವನ ನಿರ್ಣಯವನ್ನು ಎಲ್ಲರೂ ಒಪ್ಪುವುದಿಲ್ಲ. ಮೂಲವು ಹೇಗಾದರೂ ಇರಲಿ, ಸಂಧಿಯು ಹೊಸ ಬಾಳಿನ ಲಕ್ಷಣವೆಂಬ ಭಾವವು ಎರಡರಲ್ಲಿಯೂ ಸ್ಪಷ್ಟವಾಗಿದೆ.

೫. ತಾತ್ಪರ್ಯ

ಹಾಗಾದರೆ ದೇವತೆಗಳಿಗೆ ಈ ಗತಿಯು ಬಂದುದೇತಕ್ಕೆ? ತಮ್ಮ ಕೋಟೆಯನ್ನು ಕಟ್ಟಿದ ದೈತ್ಯನಿಗೆ ಅವರು ಆಣೆಯಿಟ್ಟು ಮಾತುಕೊಟ್ಟರು. ಕೆಲಸವು ಮುಗಿಯುತ್ತ ಬಂದಾಗ ಉಪಾಯದಿಂದ ಅದನ್ನು ಕೆಡಿಸಿ ಅವನನ್ನು ಕೊಂದರು. ಆಗಲೇ ಆಣೆಗಳು ಮುರಿದುವೆಂದು ವೋಲುಸ್ಪಾ ಹೇಳುವುದು. ತೋಳವನ್ನು ಕಟ್ಟಿದುದೂ ವಂಚನೆಯಿಂದಲೇ. ಆಟಕ್ಕಾಗಿ ಕಟ್ಟುತ್ತೇವೆಂದು ನಂಬಿಸಿದರು. ಒತ್ತೆಯಾಗಿ ಅದರ ಬಾಯಲ್ಲಿ ಕೈಯನ್ನಿಟ್ಟ ಟೀರನು ಆ ಕೈಯನ್ನು ಕಳೆದುಕೊಂಡನು. ಫ್ರೇರನು ಕಾಮಕ್ಕೊಳಗಾಗಿ ಖಡ್ಗವನ್ನು ಕೊಟ್ಟುಬಿಟ್ಟುದರಿಂದ ಕಡೆಯ ದಿನ ಬರಿಗೈಯಲ್ಲಿ ಸುರ್ತನನ್ನು ಎದುರಿಸಬೇಕಾಯಿತು. ಶತ್ರುವು ಹೊರಗಿನಿಂದ ಬರುವನು, ನಿಜ. ಆದರೆ ಅವನಿಗೆ ಬಾಗಿಲು ತೆರೆದುದು ಒಳಗಿನ ವಚನಭಂಗ. ಲೋಕವನ್ನು ಎತ್ತಿಹಿಡಿದಿರುವ ಕಂಬವೆಂದರೆ ಕೊಟ್ಟ ಮಾತು. ಅದು ಬಿರಿದರೆ ದೇವತೆಗಳಿಗೂ ಉಳಿಗಾಲವಿಲ್ಲವೆಂಬುದೇ ಕಥೆಯ ಮೊದಲನೆಯ ಉಪದೇಶ.

ಎರಡನೆಯದು ಧೈರ್ಯದ ಸ್ವರೂಪವನ್ನು ಕುರಿತುದು. ಜ್ಞಾನಕ್ಕಾಗಿ ತನ್ನ ಒಂದು ಕಣ್ಣನ್ನೇ ಒತ್ತೆಯಿಟ್ಟ ಓಡಿನ್ನನು ತಿಳಿದುಕೊಂಡುದು ತನ್ನ ಸೋಲನ್ನು. ತಿಳಿದೂ ಅವನು ಸೈನ್ಯವನ್ನು ಕೂಡಿಸುವುದನ್ನು ಬಿಡಲಿಲ್ಲ. ಇದನ್ನು ನಮ್ಮ ನಿಷ್ಕಾಮಕರ್ಮಕ್ಕೆ ಸಮಾನವೆನ್ನುವುದು ಸರಿಯಾಗದು; ನಾರ್ಸ್ ವೀರನು ಫಲವನ್ನು ತೊರೆದವನಲ್ಲ, ಕೀರ್ತಿಯನ್ನು ಬಯಸಿದವನು. ಆದರೂ ಗೆಲವು ಖಂಡಿತವಾಗಿ ಇಲ್ಲವೆಂದು ತಿಳಿದ ಮೇಲೆಯೂ ಮಾಡತಕ್ಕುದು ಮಾಡತಕ್ಕುದಾಗಿಯೇ ಉಳಿಯುವುದೆಂಬ ನಿಶ್ಚಯವು ಅವನಲ್ಲಿದ್ದಿತು.

ಮೂರನೆಯದನ್ನು ಸ್ನೋರಿಯು ನಡುವೆ ಹೇಳಿ ಮುಂದೆ ಹೋಗುವ ಎರಡು ಸಣ್ಣ ಮಾತುಗಳಿಂದ ತಿಳಿಯಬೇಕು. ಸತ್ತವರ ಉಗುರನ್ನು ಕತ್ತರಿಸದೆ ಬಿಟ್ಟರೆ ನಾಗಲ್‌ಫಾರ್ ಹಡಗಿಗೆ ಸಾಮಗ್ರಿಯು ಹೆಚ್ಚುವುದು. ಆದುದರಿಂದ ಯಾರನ್ನೂ ಹಾಗೆ ಸಾಗಿಸಬಾರದು. ತೋಳದ ದವಡೆಯನ್ನು ಮೆಟ್ಟುವ ವೀದಾರನ ಪಾದರಕ್ಷೆಯು ಜನರು ತಮ್ಮ ಪಾದರಕ್ಷೆಗಳ ತುದಿಯಲ್ಲಿಯೂ ಹಿಮ್ಮಡಿಯಲ್ಲಿಯೂ ಕತ್ತರಿಸಿದ ತೊಗಲಿನ ಚೂರುಗಳಿಂದ ಆಗುವುದು. ದೇವತೆಗಳಿಗೆ ನೆರವಾಗಬಯಸುವವನು ಆ ಚೂರುಗಳನ್ನು ಅದಕ್ಕಾಗಿ ತೆಗೆದುಹಾಕಬೇಕು. ಪ್ರಳಯವನ್ನು ತಡೆಯುವ ಶಕ್ತಿಯು ಮನುಷ್ಯನಿಗಿಲ್ಲ. ಆದರೆ ಹಗೆಯ ಹಡಗಿಗೆ ಹಲಗೆಯನ್ನು ಕೊಡದಿರುವ ಸ್ವಾತಂತ್ರ್ಯವೂ, ವೀದಾರನ ಕಾಲಿಗೆ ಒಂದು ಚೂರು ತೊಗಲನ್ನು ಒದಗಿಸುವ ಸ್ವಾತಂತ್ರ್ಯವೂ ಅವನಿಗುಂಟು. ಶವದ ಉಗುರನ್ನು ಕತ್ತರಿಸುವ ಮನೆಯವರೂ ಮೆಟ್ಟು ಹೊಲಿಯುವ ಕುಶಲಿಯೂ ಲೋಕದ ಕೊನೆಯ ಯುದ್ಧದಲ್ಲಿ ಹೀಗೆ ಪಾಲುಗಾರರಾಗುವರು. ಇದನ್ನು ನಿರಾಶೆಯ ಮತವೆನ್ನುವುದು ಹೇಗೆ?

ಬಾಲ್ಡರನ ಶವವು ಚಿತೆಯ ಮೇಲಿದ್ದಾಗ ಓಡಿನ್ನನು ಅವನ ಕಿವಿಯಲ್ಲಿ ಏನನ್ನೋ ಹೇಳಿದನು. ಅದೇನೆಂಬುದನ್ನು ಯಾವ ಗೀತವೂ ತಿಳಿಸದು. ಸರ್ವಜ್ಞನೆನಿಸಿದ ದೈತ್ಯನೂ ಆ ಒಂದು ಪ್ರಶ್ನೆಗೆ ಉತ್ತರವನ್ನು ಹೇಳಲಾರದೆ ಸೋತನು. ಪುನರಾಗಮನದ ಭರವಸೆಯೇ ಆ ಮಾತೆಂದು ಕೆಲವು ವ್ಯಾಖ್ಯಾನಕಾರರು ಭಾವಿಸಿರುವರು. ಹಾಗಿದ್ದ ಪಕ್ಷದಲ್ಲಿ, ಹೊಸ ಭೂಮಿಯಲ್ಲಿ ಬಾಲ್ಡರನು ಒಬ್ಬನೇ ಮರಳದೆ ತನ್ನನ್ನು ಕೊಂದ ತಮ್ಮನೊಡನೆ ಮರಳಿದುದೇ ಆ ಭರವಸೆಯ ಪೂರ್ಣಾರ್ಥವೆಂದು ತಿಳಿಯಬಹುದಾಗಿದೆ.