ಕ್ರೈಂ ಕಲಿಯಲಿಕ್ಕೂ ಡಿಗ್ರಿ ಉಂಟಾ?

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ಮಾರ್ಕು ಚೆನ್ನಾಗಿದ್ದರೆ ಮೆಡಿಕಲ್, ಸ್ವಲ್ಪ ಕಡಿಮೆಯಾದರೆ ಇಂಜಿನಿಯರಿಂಗ್, ಅದೂ ಬೇಡವೆಂದರೆ ಬಿಕಾಂ ಮುಗಿಸಿ ಗಲ್ಫ್‌ನಲ್ಲಿರುವ ಮಾವನಿಗೊಂದು ಫೋನ್. ಇದರ ನಡುವೆ ಮಗಳೋ ಮಗನೋ "ನಾನು ಕ್ರಿಮಿನಾಲಜಿ ಓದ್ತೇನೆ" ಎಂದರೆ ಮನೆಯಲ್ಲಿ ಒಂದು ಗಳಿಗೆ ಮೌನ. ಆಮೇಲೆ ಪ್ರಶ್ನೆಗಳ ಸಾಲು. ಕ್ರೈಂ ಕಲಿಯಲಿಕ್ಕೂ ಡಿಗ್ರಿ ಉಂಟಾ? ಪೊಲೀಸ್ ಆಗ್ಲಿಕ್ಕಾ? ಹೆಣ್ಣು ಮಗಳು ಜೈಲು, ಕೋರ್ಟು ಅಂತ ತಿರುಗಿದರೆ ನಾಳೆ ಸಂಬಂಧ ನೋಡಲು ಬಂದವರಿಗೆ ಏನು ಹೇಳುವುದು?

ಉಮ್ಮ, ಬಾಪ ಕೇಳುವ ಈ ಪ್ರಶ್ನೆಗಳನ್ನು ನಾವು ತಮಾಷೆ ಮಾಡುವುದಿಲ್ಲ. ಮಗುವಿನ ಮೂರು ವರ್ಷ, ಮನೆಯ ಹಣ, ಎರಡೂ ಸಣ್ಣ ವಿಷಯವಲ್ಲ. ಆದರೆ ಉತ್ತರ ಕೊಡುವವರು ಹೆಚ್ಚಾಗಿ ಟಿವಿ ಸೀರಿಯಲ್ ನೋಡಿದವರು ಅಥವಾ ಸೀಟು ತುಂಬಿಸುವ ಏಜೆಂಟರು. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕ್ರಿಮಿನಾಲಜಿ ಎಂದರೆ ಅಪರಾಧಶಾಸ್ತ್ರ. ಕಳ್ಳನನ್ನು ಹಿಡಿಯುವುದು ಹೇಗೆ ಎನ್ನುವುದಕ್ಕಿಂತ, ಒಬ್ಬ ಕಳ್ಳನಾದದ್ದು ಯಾಕೆ, ಅವನಿಗೆ ಕೊಟ್ಟ ಶಿಕ್ಷೆಯಿಂದ ಏನಾಯಿತು, ಕಳೆದುಕೊಂಡವನ ಗತಿ ಏನು ಎಂದು ಕೇಳುವ ವಿದ್ಯೆ ಇದು. ಡಿಗ್ರಿಯಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು, ಜೈಲು ವ್ಯವಸ್ಥೆ, ಪೊಲೀಸ್ ಆಡಳಿತ, ಬಾಲಾಪರಾಧ, ಸೈಬರ್ ಅಪರಾಧ, ಸ್ವಲ್ಪ ಅಂಕಿಅಂಶ ಎಲ್ಲವೂ ಬರುತ್ತದೆ. ಅಂಕಿಅಂಶ ಎಂದ ಕೂಡಲೇ ಆರ್ಟ್ಸ್ ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಆದರೆ ಅದನ್ನು ಬಿಟ್ಟು ಈ ವಿಷಯ ಇಲ್ಲ.

ಈ ವಿದ್ಯೆಯ ಚರಿತ್ರೆ ಒಂದು ದೊಡ್ಡ ತಪ್ಪಿನ ಚರಿತ್ರೆಯೂ ಹೌದು. 1876ರಲ್ಲಿ ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ಒಂದು ಪುಸ್ತಕ ಬರೆದ. ಕೆಲವರು ಹುಟ್ಟುವಾಗಲೇ ಅಪರಾಧಿಗಳು, ಅವರ ದವಡೆ, ಕಿವಿ, ಹಣೆ ನೋಡಿಯೇ ಗುರುತಿಸಬಹುದು ಎಂದು ವಾದಿಸಿದ. ಯುರೋಪಿನ ದೊಡ್ಡ ದೊಡ್ಡವರೇ ನಂಬಿದರು. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು ಮೂರು ಸಾವಿರ ಕೈದಿಗಳ ಅಳತೆಯನ್ನು ಜೈಲಿನ ಹೊರಗಿನವರ ಅಳತೆಯ ಜೊತೆ ಇಟ್ಟು ನೋಡಿ, ಅಂಥ 'ಅಪರಾಧಿ ಮುಖ' ಎಂಬುದೇ ಇಲ್ಲ ಎಂದು ತೋರಿಸಿದ. ಅಷ್ಟರಲ್ಲಿ ನಮ್ಮ ದೇಶದಲ್ಲಿ ಬ್ರಿಟಿಷರು 1871ರ ಕಾಯ್ದೆಯಿಂದ ಇಡೀ ಇಡೀ ಸಮುದಾಯಗಳಿಗೆ 'ಕ್ರಿಮಿನಲ್ ಟ್ರೈಬ್' ಎಂದು ಮುದ್ರೆ ಒತ್ತಿಯಾಗಿತ್ತು. ಹುಟ್ಟಿದ ಮಗುವಿಗೂ ಆ ಮುದ್ರೆ. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಒಂದು ಸಮುದಾಯದ ಹೆಸರು ಕೇಳಿದ ಕೂಡಲೇ ಅನುಮಾನ ಪಡುವ ಚಾಳಿ ಎಲ್ಲಿಂದ ಬಂತು, ಅದು ವಿಜ್ಞಾನವಲ್ಲ ಯಾಕೆ ಎಂದು ಪುರಾವೆ ಸಮೇತ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಮೈಕಿನ ಮುಂದೆ ಸಿಟ್ಟಿನಿಂದ ಹೇಳುವವರು ಬೇಕಾದಷ್ಟು ಇದ್ದಾರೆ, ಅದು ಬೇರೆ ಮಾತು.

1963ರಲ್ಲಿ ಅಮೆರಿಕದ ಹೊವಾರ್ಡ್ ಬೆಕರ್ ಇನ್ನೊಂದು ಕಡೆಯಿಂದ ನೋಡಿದ. ಒಬ್ಬನಿಗೆ ಹಣೆಪಟ್ಟಿ ಕಟ್ಟಿದ ಮೇಲೆ ಅವನು ಆ ಪಟ್ಟಿಗೆ ತಕ್ಕ ಹಾಗೆಯೇ ಬದುಕಬೇಕಾಗಿ ಬರುತ್ತದೆ ಎಂಬುದು ಅವನ ವಾದದ ಸಾರ. ಇದನ್ನು ಓದಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹದಿನಾರು ವರ್ಷದ ಹುಡುಗನೊಬ್ಬ ಯಾವುದೋ ಗಲಾಟೆಯಲ್ಲಿ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಸಂಜೆಯೊಳಗೆ ಅವನ ಫೋಟೋ, ಊರು, ಬಾಪನ ಹೆಸರು ನಮ್ಮದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತು ಹೊಡೆಯುತ್ತದೆ. ಆಮೇಲೆ ಅಂಗಡಿಯವರು ಕೆಲಸಕ್ಕೆ ಸೇರಿಸುವುದಿಲ್ಲ, ಶಾಲೆಯಲ್ಲಿ ಟಿಸಿ ತೆಗೆದುಕೊಳ್ಳಿ ಎನ್ನುತ್ತಾರೆ, ಹತ್ತಿರ ಬರುವವರು ಮೊದಲೇ ಕೆಟ್ಟವರು ಮಾತ್ರ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆ, ಟಿವಿಗೆ ಮಾತ್ರವಲ್ಲ, ಇತರ ಸಂಪರ್ಕ ಸಾಧನಗಳಿಗೂ ಇದು ಅನ್ವಯ. ಫಾರ್ವರ್ಡ್ ಮಾಡುವವರಿಗೆ ಈ ಸೆಕ್ಷನ್ ಹೇಳಿಕೊಡುವವರು ಬೇಕಲ್ಲ ಮಾರಾಯ್ರೆ!

ಮಾದಕ ವ್ಯಸನದ ವಿಷಯವೂ ಹಾಗೆಯೇ. ಕರಾವಳಿಯ ಜಮಾಅತ್‌ಗಳು, ಸಂಘಟನೆಗಳು ಜಾಗೃತಿ ಸಭೆ ಮಾಡುತ್ತಿವೆ, ಒಳ್ಳೆಯದೇ. ಆದರೆ ಮಗ ಅಮಲಿಗೆ ಬಿದ್ದಿದ್ದಾನೆ ಎಂದು ಗೊತ್ತಾದ ತಾಯಿ ಆಸ್ಪತ್ರೆಗೆ ಹೋಗಲು ಹೆದರುತ್ತಾಳೆ, ಕೇಸಾಗುತ್ತದೆ ಎಂದು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಉಂಟು. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ, ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಹೆದರಿದ ತಾಯಿಯನ್ನು ಕೂರಿಸಿ ಇದನ್ನು ವಿವರಿಸುವ ಕೆಲಸ ಅಪರಾಧಶಾಸ್ತ್ರ ಓದಿದವರದ್ದು.

ಇನ್ನು ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗಕ್ಕೆ ಬರೋಣ. ಕ್ರಿಮಿನಾಲಜಿ ಬೇರೆ, ಫೊರೆನ್ಸಿಕ್ ಸೈನ್ಸ್ ಬೇರೆ. ರಕ್ತ, ವಿಷ, ಬೆರಳಚ್ಚು, ಮೊಬೈಲ್ ಡೇಟಾ ಪರೀಕ್ಷೆ ಮಾಡುವುದು ಫೊರೆನ್ಸಿಕ್. ಬೆರಳಚ್ಚು ಎಂದಾಗ ಒಂದು ಹೆಸರು ನೆನಪಿಸಲೇಬೇಕು. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ತೆರೆದದ್ದು 1897ರಲ್ಲಿ, ಕಲ್ಕತ್ತಾದಲ್ಲಿ. ಅಲ್ಲಿ ಬೆರಳಚ್ಚುಗಳನ್ನು ಗಣಿತದ ಲೆಕ್ಕದಲ್ಲಿ 1,024 ವಿಭಾಗಗಳಾಗಿ ಜೋಡಿಸುವ ಕ್ರಮವನ್ನು ರೂಪಿಸಿದ್ದು ಬಂಗಾಳದ ಸಬ್ ಇನ್‌ಸ್ಪೆಕ್ಟರ್ ಕಾಝಿ ಅಝೀಝುಲ್ ಹಕ್. ಜೊತೆಗೆ ಹೇಮಚಂದ್ರ ಬೋಸ್. ಆ ಕ್ರಮ ಪ್ರಪಂಚಕ್ಕೆ ಹೋದದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ಇಂದಿಗೂ ಪುಸ್ತಕಗಳಲ್ಲಿ ಅದು 'ಹೆನ್ರಿ ಪದ್ಧತಿ'ಯೇ.

ಪ್ರಯೋಗಾಲಯದ ಕೆಲಸ ಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಬಿಎಸ್ಸಿ, ಆಮೇಲೆ ಎಂಎಸ್ಸಿ ಮಾಡಬೇಕು. ಬಿಎ ಕ್ರಿಮಿನಾಲಜಿ ಮುಗಿಸಿದ ಹುಡುಗಿಗೆ ಮಡಿವಾಳದ ಎಫ್‌ಎಸ್‌ಎಲ್‌ನಲ್ಲೋ ಮಂಗಳೂರಿನ ಪ್ರಾದೇಶಿಕ ಪ್ರಯೋಗಾಲಯದಲ್ಲೋ ವಿಜ್ಞಾನಿ ಹುದ್ದೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಜ್ಞಾನ ಓದಿದವರಿಗೆ ಮಾತ್ರ ಈಗ ಬಾಗಿಲು ತೆರೆಯುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ಫೊರೆನ್ಸಿಕ್ ತಜ್ಞರು ಹೋಗಲೇಬೇಕು ಎನ್ನುತ್ತದೆ. ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಕೊಟ್ಟಿದ್ದಾರೆ. ಅಷ್ಟು ಜನ ಈಗ ಎಲ್ಲಿಯೂ ಇಲ್ಲ.

ಹಾಗಾದರೆ ಬಿಎ ಮಾಡಿದವರಿಗೆ ಏನುಂಟು? ನೇರವಾಗಿ ಹೇಳುತ್ತೇವೆ, ಬರೀ ಬಿಎಯಿಂದ ಹೆಚ್ಚೇನೂ ಇಲ್ಲ. ಪಿಎಸ್‌ಐ ಪರೀಕ್ಷೆಗೆ ಯಾವುದೇ ಡಿಗ್ರಿ ಸಾಕು, ಕ್ರಿಮಿನಾಲಜಿಗೆಂದು ಪ್ರತ್ಯೇಕ ಕೋಟಾ ಇಲ್ಲ, ಓಟ ಮತ್ತು ಲಿಖಿತ ಪರೀಕ್ಷೆ ಎಲ್ಲರಿಗೂ ಒಂದೇ. ಐಪಿಎಸ್ ಕನಸಿನವರು ಇದನ್ನೂ ತಿಳಿದಿರಲಿ, ಯುಪಿಎಸ್‌ಸಿ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕ್ರಿಮಿನಾಲಜಿ ಇಲ್ಲ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಉಂಟು. ಬಿಎ ಮೇಲೆ ಇನ್ನೊಂದನ್ನು ಕಟ್ಟಬೇಕು. ಎಂಎಸ್‌ಡಬ್ಲ್ಯೂ ಮಾಡಿದರೆ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ಪರಿವೀಕ್ಷಣಾಧಿಕಾರಿ ಕೆಲಸದ ದಾರಿ. ಎಲ್‌ಎಲ್‌ಬಿ ಮಾಡಿದರೆ ಕ್ರಿಮಿನಲ್ ವಕಾಲತ್ತು. ಎಂಎ ಮಾಡಿ ನೆಟ್ ಬರೆದರೆ ಅಧ್ಯಾಪನ, ಕ್ರಿಮಿನಾಲಜಿ ನೆಟ್‌ನಲ್ಲಿ ಒಂದು ಪ್ರತ್ಯೇಕ ವಿಷಯ. ಲೆಕ್ಕಪತ್ರ ಗೊತ್ತಿದ್ದವರಿಗೆ ಬ್ಯಾಂಕ್, ವಿಮೆ, ಆಡಿಟ್ ಕಂಪೆನಿಗಳ ವಂಚನೆ ತನಿಖೆ ವಿಭಾಗ. ಇದಕ್ಕೆ ಸಿಎಫ್‌ಇ ಎಂಬ ಅಂತಾರಾಷ್ಟ್ರೀಯ ಪರೀಕ್ಷೆ ಉಂಟು. ನಮ್ಮ ಬಿಕಾಂ ಹುಡುಗರು ಒಮ್ಮೆ ಇದರ ಕಡೆ ಕಣ್ಣು ಹಾಯಿಸಬೇಕು.

ಕೆಲಸದ ಮಾತು ಅಲ್ಲಿಗೆ ಬಿಟ್ಟು ಒಂದು ಲೆಕ್ಕ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನರು. ಅವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿರುವ ಪಾಲಿಗಿಂತ ಹೆಚ್ಚು. ಇದು ಎನ್‌ಸಿಆರ್‌ಬಿ ಎಂಬ ಸರಕಾರಿ ಸಂಸ್ಥೆಯ ಪುಸ್ತಕದಲ್ಲೇ ಇರುವ ಲೆಕ್ಕ. ಯಾಕೆ ಹೀಗೆ? ಬಡತನ ಎಷ್ಟು, ಜಾಮೀನು ಕೊಡುವವರಿಲ್ಲದ್ದು ಎಷ್ಟು, ಪೂರ್ವಗ್ರಹ ಎಷ್ಟು, ನಮ್ಮ ಮಕ್ಕಳ ನಿಜವಾದ ತಪ್ಪು ಎಷ್ಟು? ಬೇರೆ ಬೇರೆ ಮಾಡಿ ತೂಗಿ ಹೇಳಲಿಕ್ಕೆ ಕಲಿತವರು ಬೇಕು. ಆ ತೂಕದಲ್ಲಿ ನಮಗೆ ಕಹಿಯಾದದ್ದೂ ಬರಬಹುದು. ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಾಡಿಗೆ ಕೊಟ್ಟು ಸೈಬರ್ ವಂಚನೆ ಕೇಸಿನಲ್ಲಿ ಕೈಕೋಳ ತೊಡಿಸಿಕೊಳ್ಳುವ ಹುಡುಗರನ್ನು ಬರೀ ಅಮಾಯಕರು ಎಂದರೆ ಆಗುತ್ತದಾ?

ಹೆಣ್ಣು ಮಕ್ಕಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ದೌರ್ಜನ್ಯಕ್ಕೆ ಒಳಗಾದ ಬ್ಯಾರಿ ಹೆಣ್ಣೊಬ್ಬಳು ತನ್ನ ಭಾಷೆಯಲ್ಲಿ ಬಾಯಿ ಬಿಟ್ಟು ಹೇಳುವುದು ಇನ್ನೊಬ್ಬ ಹೆಣ್ಣಿನ ಬಳಿ. ಸಂತ್ರಸ್ತರಿಗೆ ಪರಿಹಾರ ಕೊಡುವ ಯೋಜನೆ 2008ರ ತಿದ್ದುಪಡಿಯಿಂದ ಕಾನೂನಿನಲ್ಲೇ ಉಂಟು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿ ಬರೆದುಕೊಡುವ ಮಗಳು ಮನೆಯಲ್ಲಿದ್ದರೆ ಸಂಬಂಧ ತಪ್ಪುತ್ತದೆ ಎಂದು ನಮಗೆ ಅನಿಸುವುದಿಲ್ಲ.

ಓದುವುದೆಲ್ಲಿ? ಮಂಗಳೂರಿನ ರೋಶನಿ ನಿಲಯದಲ್ಲಿ ಈ ವಿಭಾಗ ಬಹಳ ವರ್ಷದಿಂದ ಉಂಟು, ಮನೆಯಿಂದಲೇ ಹೋಗಿ ಬರಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ಹಳೆಯ ಹೆಸರು. ಅದೇ ಧಾರವಾಡದಲ್ಲಿ ಈಗ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಬಂದಿದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಸೇರುವ ಮೊದಲು ಕಾಲೇಜಿನ ಕಚೇರಿಯಲ್ಲಿ ಇಷ್ಟು ಕೇಳಿ: ಕೊಡುವುದು ಬಿಎಯೋ ಬಿಎಸ್ಸಿಯೋ, ಯಾವ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ, ಜೊತೆಗಿನ ವಿಷಯಗಳು ಯಾವುವು, ಜೈಲು, ಬಾಲಮಂದಿರ, ಎಫ್‌ಎಸ್‌ಎಲ್ ಭೇಟಿ ನಿಜವಾಗಿ ಮಾಡಿಸುತ್ತಾರಾ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ. ಕೊನೆಯ ಪ್ರಶ್ನೆಗೆ ಕಚೇರಿಯವರ ಉತ್ತರ ಸಾಲದು, ಹಿಂದಿನ ಬ್ಯಾಚಿನ ಇಬ್ಬರ ನಂಬರ್ ಪಡೆದು ಅವರಿಗೇ ಫೋನ್ ಮಾಡಿ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಗೆ ಹೋಗಿ ಬನ್ನಿ.